ಪ್ರಶ್ನೋತ್ತರ: ತೂಗಿ ಒಪ್ಪಿಸಿದ ಬೆಳ್ಳಿ

ಈ ತಿಂಗಳು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಬೇರೆ ಬೇರೆ ಮನೆಗಳ ಕಷ್ಟವನ್ನು ಹೇಳುತ್ತಿದ್ದರೂ, ಕೇಳುವುದು ಒಂದೇ ಪ್ರಶ್ನೆಯನ್ನು: ಕ್ರೈಸ್ತರಾದ ನಾವು ಯಾರನ್ನು, ಎಷ್ಟರ ಮಟ್ಟಿಗೆ ನಂಬಬೇಕು? ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಉಳಿದ ನಾಲ್ಕರ ಬೇರು ಮೊದಲನೆಯ ಪತ್ರದಲ್ಲೇ ಇರುವುದರಿಂದ ಅದಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಕ್ಕನವರೇ, ನಮ್ಮ ಬಡಾವಣೆಯ ಪ್ರಾರ್ಥನಾ ಕೂಟವನ್ನು ಹತ್ತು ವರ್ಷಗಳಿಂದ ನಡೆಸುತ್ತಿರುವ ಹಿರಿಯರೊಬ್ಬರು ಇಪ್ಪತ್ತು ಜನರ ಚೀಟಿಯನ್ನೂ ನಡೆಸುತ್ತಾರೆ. ತಿಂಗಳಿಗೆ 5,000 ರೂಪಾಯಿಯಂತೆ ನಾನು ಹನ್ನೊಂದು ಕಂತು ಕಟ್ಟಿದ್ದೇನೆ. ಈಗ ಅವರು ತಮ್ಮ ಬ್ಯಾಂಕ್ ಸಾಲಕ್ಕೆ ನಾನು ಜಾಮೀನು ನಿಲ್ಲಬೇಕೆಂದು ಕೇಳುತ್ತಿದ್ದಾರೆ. ಒಮ್ಮೆ ಚೀಟಿಯ ಲೆಕ್ಕದ ಪುಸ್ತಕ ನೋಡಬಹುದೇ ಎಂದು ಕೇಳಿದ್ದಕ್ಕೆ, “ದೇವರ ಮಕ್ಕಳ ನಡುವೆ ಲೆಕ್ಕ ಯಾಕಮ್ಮ, ನಿಮಗೆ ನಂಬಿಕೆ ಇಲ್ಲವೇ?” ಎಂದರು. ಅಂದಿನಿಂದ ಪ್ರಾರ್ಥನೆಗೆ ಕುಳಿತರೂ ಆ ಮಾತೇ ಕಿವಿಯಲ್ಲಿ ನಿಲ್ಲುತ್ತದೆ. ನಾನು ಕೇಳಿದ್ದು ತಪ್ಪೇ? (ಒಬ್ಬ ಸಹೋದರಿ, ದಾವಣಗೆರೆ)

ಉತ್ತರ: ಪ್ರಿಯ ಸಹೋದರಿ, ನೀವು ಕೇಳಿದ್ದು ತಪ್ಪಲ್ಲ. ನಿಮ್ಮನ್ನು ಕಾಡುತ್ತಿರುವುದು ಅವರ ಉತ್ತರದಲ್ಲಿದ್ದ ಒಂದೇ ಒಂದು ಪದ. ಅದನ್ನು ಮೊದಲು ಬಿಡಿಸಿ ನೋಡೋಣ. ಕನ್ನಡದಲ್ಲಿ ದೇವರ ಮೇಲಿರುವುದೂ ನಂಬಿಕೆ, ದಿನಾ ಹಾಲು ಹಾಕುವವನ ಮೇಲಿರುವುದೂ ನಂಬಿಕೆ. ನಮ್ಮ ಕಥೋಲಿಕ ಬಂಧುಗಳು ಹೆಚ್ಚಾಗಿ ಬಳಸುವ ವಿಶ್ವಾಸ ಎಂಬ ಮಾತಿನದೂ ಇದೇ ಸ್ಥಿತಿ: ದೇವಾಲಯದಲ್ಲಿ ಅದು ದೇವರ ಮುಂದೆ ಅರಿಕೆ ಮಾಡುವ ವಿಶ್ವಾಸ, ಬೀದಿಗೆ ಬಂದರೆ ನೆರೆಹೊರೆಯವರ ಪ್ರೀತಿ ವಿಶ್ವಾಸ. ಹೀಗಾಗಿ ಪ್ರಾರ್ಥನಾ ಕೂಟದ ಹಿರಿಯರು “ನಿಮಗೆ ನಂಬಿಕೆ ಇಲ್ಲವೇ” ಎಂದಾಗ, ಅವರು ಮಾತನಾಡುತ್ತಿದ್ದುದು ತಮ್ಮ ಲೆಕ್ಕದ ಪುಸ್ತಕದ ಬಗ್ಗೆಯೇ ಆದರೂ, ನಿಮ್ಮ ಮನಸ್ಸಿಗೆ ಅದು ನಿಮ್ಮ ದೇವಭಕ್ತಿಯನ್ನೇ ಪ್ರಶ್ನಿಸಿದಂತೆ ತಾಗಿದೆ. ಅವರು ಅದನ್ನು ಬೇಕೆಂದೇ ಹಾಗೆ ಹೇಳಿದರೋ, ಬಾಯಿತಪ್ಪಿ ಬಂದಿತೋ ಎಂಬುದನ್ನು ಇಲ್ಲಿ ಕುಳಿತು ನಾನು ತೀರ್ಮಾನಿಸಲಾರೆ. ಆದರೆ ಎರಡೂ ನಂಬಿಕೆಗಳು ಒಂದೇ ಅಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಯೋಹಾನನ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯ ಮೂರು ವಚನಗಳನ್ನು ನಿಧಾನವಾಗಿ ಓದಿ. ಪಸ್ಕಹಬ್ಬದ ಕಾಲಕ್ಕೆ ಯೆರೂಸಲೇಮಿನಲ್ಲಿ ಬಹಳ ಜನರು ಯೇಸುವನ್ನು ನಂಬಿದರು. ಯೇಸುವಾದರೋ ತನ್ನನ್ನು ಅವರಿಗೆ ಒಪ್ಪಿಸಿಕೊಡಲಿಲ್ಲ, ಏಕೆಂದರೆ ಮನುಷ್ಯರೊಳಗೆ ಏನಿದೆಯೆಂದು ಆತನು ಬಲ್ಲವನಾಗಿದ್ದನು. ಗ್ರೀಕ್ ಮೂಲದಲ್ಲಿ ಅವರು ನಂಬಿದ್ದಕ್ಕೂ ಆತನು ತನ್ನನ್ನು ಒಪ್ಪಿಸಿಕೊಡದಿದ್ದುದಕ್ಕೂ ಇರುವುದು ಒಂದೇ ಕ್ರಿಯಾಪದ. ಅವರಿಗಾಗಿ ಪ್ರಾಣವನ್ನೇ ಕೊಡಲು ಬಂದವನು, ಅವರ ಮೇಲಿನ ಪ್ರೀತಿಯಲ್ಲಿ ಎಳ್ಳಷ್ಟೂ ಕಡಿಮೆ ಮಾಡದವನು, ನಂಬಿಕೆಯನ್ನು ಮಾತ್ರ ಕೇಳಿದವರಿಗೆಲ್ಲ ಕೊಡಲಿಲ್ಲ. ಪ್ರೀತಿ ಎಲ್ಲರಿಗೂ ಸಲ್ಲತಕ್ಕದ್ದು. ನಂಬಿ ಒಪ್ಪಿಸುವುದು ಮನುಷ್ಯನನ್ನು ನೋಡಿ, ಕಾಲವನ್ನು ನೋಡಿ, ಅಳತೆಯಿಂದ ಮಾಡತಕ್ಕದ್ದು.

ಇನ್ನು ಲೆಕ್ಕದ ಮಾತು. ಇದಕ್ಕೆ ಎಜ್ರನ ಗ್ರಂಥದ 8ನೆಯ ಅಧ್ಯಾಯದಷ್ಟು ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಪಾರಸಿಯ ಅರಸನಾದ ಅರ್ತಷಸ್ತನ ಅಪ್ಪಣೆ ಪಡೆದು ಯಾಜಕನಾದ ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಹೊರಟಿದ್ದಾನೆ. ದಾರಿಯಲ್ಲಿ ಕಳ್ಳರ ಭಯವಿದೆ, ಜೊತೆಯಲ್ಲಿ ಮಕ್ಕಳುಮರಿಗಳಿದ್ದಾರೆ, ದೇವಾಲಯಕ್ಕೆಂದು ಕೊಟ್ಟ 650 ತಲಾಂತು (ಆ ಕಾಲದ ಒಂದು ದೊಡ್ಡ ತೂಕ) ಬೆಳ್ಳಿಯೂ 100 ತಲಾಂತು ಬಂಗಾರವೂ ಇವೆ. ನಮ್ಮ ದೇವರ ಕೈ ನಮ್ಮನ್ನು ಕಾಯುತ್ತದೆಂದು ಅರಸನಿಗೆ ಹೇಳಿಬಿಟ್ಟಿದ್ದರಿಂದ ಕಾವಲಿಗೆ ಸಿಪಾಯಿಗಳನ್ನು ಕೇಳಲು ಅವನಿಗೆ ನಾಚಿಕೆಯಾಯಿತು. ಕೇಳಲಿಲ್ಲ, ಉಪವಾಸವಿದ್ದು ಪ್ರಾರ್ಥಿಸಿದನು. ದೇವರ ಮೇಲಿನ ಭರವಸೆ ಇದಕ್ಕಿಂತ ದೊಡ್ಡದು ಇನ್ನೇನಿರಬೇಕು? ಆದರೆ ಅದೇ ಎಜ್ರನು ಮುಖ್ಯ ಯಾಜಕರಲ್ಲಿ ಹನ್ನೆರಡು ಮಂದಿಯನ್ನು ಪ್ರತ್ಯೇಕಿಸಿ, ಅವರ ಕೈಗೆ ಬೆಳ್ಳಿಬಂಗಾರಗಳನ್ನು ತೂಗಿ ಒಪ್ಪಿಸಿದನು. ನೀವು ಕರ್ತನಿಗೆ ಪರಿಶುದ್ಧರು ಎಂದು ಅವರಿಗೆ ಹೇಳಿದ ಬಾಯಲ್ಲೇ, ಯೆರೂಸಲೇಮಿನಲ್ಲಿ ತೂಗಿ ಕೊಡುವ ತನಕ ಕಾಯಿರಿ ಎಂದೂ ಹೇಳಿದನು. ಅಲ್ಲಿ ತಲುಪಿ, ಮೂರು ದಿನ ಸುಧಾರಿಸಿಕೊಂಡು, ನಾಲ್ಕನೆಯ ದಿನ ದೇವಾಲಯದಲ್ಲಿ ಎಲ್ಲವನ್ನೂ ಮತ್ತೆ ಎಣಿಸಿ ತೂಗಿ, ತೂಕವನ್ನು ಬರೆದಿಟ್ಟರು. ಪರಿಶುದ್ಧರು ಎಂದ ಮೇಲೂ ತಕ್ಕಡಿ ಬೇಕಾಯಿತು. ಇದರಿಂದ ಅವಮಾನವಾಯಿತೆಂದು ಆ ಹನ್ನೆರಡು ಮಂದಿಯಲ್ಲಿ ಯಾರೂ ದೂರಿದ ಮಾತು ಅಲ್ಲಿಲ್ಲ.

ಈ ಅಧ್ಯಾಯ ಓದುವಾಗಲೆಲ್ಲ ನನಗೆ ಮಂಡಿಪೇಟೆ ಕಣ್ಣಮುಂದೆ ಬರುತ್ತದೆ. ನಮ್ಮ ತಂದೆಯವರು ಅಲ್ಲಿ ತೂಕದಾರರಾಗಿದ್ದರು. ಜಗಳೂರು ಕಡೆಯಿಂದ ಸ್ವಂತ ಅಣ್ಣನೇ, ಅಂದರೆ ನಮ್ಮ ದೊಡ್ಡಪ್ಪನೇ, ಗಾಡಿಯಲ್ಲಿ ಜೋಳ ತಂದ ದಿನವೂ ಚೀಲಗಳು ಒಂದೊಂದಾಗಿ ತಕ್ಕಡಿಗೆ ಏರುತ್ತಿದ್ದವು; ತಂದೆಯವರು ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು, ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ದೊಡ್ಡಪ್ಪ ಪಕ್ಕದಲ್ಲೇ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ರಾತ್ರಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ತೂಕ ಮುಗಿದಿತ್ತು, ಆದ್ದರಿಂದ ಊಟದಲ್ಲಿ ತೂಕದ ಮಾತಿರಲಿಲ್ಲ.

ನಮ್ಮ ಸಭೆಯಲ್ಲಿ ನಾನು ಖಜಾಂಚಿಯಾಗಿದ್ದ ವರ್ಷಗಳಲ್ಲೂ ಇದನ್ನೇ ಕಂಡೆ. ಭಾನುವಾರದ ಆರಾಧನೆಯ ನಂತರ ಕಾಣಿಕೆಯ ಚೀಲವನ್ನು ಮೇಜಿನ ಮೇಲೆ ಸುರಿದು, ಹತ್ತರ ನಾಣ್ಯಗಳನ್ನು ಹತ್ತು ಹತ್ತರಂತೆ ಒಂದರ ಮೇಲೊಂದು ನಿಲ್ಲಿಸಿ, ಮಡಚಿ ಮಡಚಿ ಕಡ್ಡಿಯಂತಾದ ನೋಟುಗಳನ್ನು ಅಂಗೈಯಿಂದ ಸಪಾಟು ಮಾಡಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಎರಡೂ ಮೊತ್ತ ಒಂದೇ ಆದ ಮೇಲೆ ಇಬ್ಬರೂ ರುಜು ಹಾಕುತ್ತಿದ್ದೆವು. ಒಬ್ಬರೇ ಎಣಿಸಿದ ಹಣವನ್ನು ಸಭಾಪಾಲಕರು ಬ್ಯಾಂಕಿಗೆ ಕಳುಹಿಸುತ್ತಲೇ ಇರಲಿಲ್ಲ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು ತೀತನ ಜೊತೆ ಸಭೆಗಳಿಂದ ನೇಮಕವಾದ ಮತ್ತೊಬ್ಬ ಸಹೋದರನನ್ನೂ ಕಳುಹಿಸಿದ್ದು ಇದೇ ಕಾರಣಕ್ಕೆ. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿರಬೇಕೆಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹಣದ ಚೀಲವನ್ನು ಒಬ್ಬನೇ ಹೊತ್ತವನ ಕಥೆಯನ್ನು ಯೋಹಾನನು 12ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆ ಚೀಲದಿಂದ ಕದಿಯುತ್ತಿದ್ದ ಇಸ್ಕರಿಯೋತ ಯೂದನು ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾಗಿದ್ದನು.

ಲೆಕ್ಕ ಕೇಳುವುದು ನಮ್ಮ ಹಣಕ್ಕಾಗಿ ಮಾತ್ರವಲ್ಲ ಎಂಬುದನ್ನು ನಾನು ನಷ್ಟಪಟ್ಟು ಕಲಿತೆ. ಹಲವು ವರ್ಷಗಳ ಹಿಂದೆ, ಪ್ರಾರ್ಥನೆಯಲ್ಲಿ ಕಣ್ಣೀರಿಡುತ್ತಿದ್ದ ಒಬ್ಬರಿಗೆ, ಒಂದು ತುಂಡು ಕಾಗದವೂ ಇಲ್ಲದೆ 40,000 ರೂಪಾಯಿ ಕೊಟ್ಟೆ. ಅವರು ಮೊದಲಿಗೆ ನನ್ನ ಕಣ್ಣು ತಪ್ಪಿಸಿದರು, ಆಮೇಲೆ ಕೂಟ ತಪ್ಪಿಸಿದರು, ಕೊನೆಗೆ ಸಭೆಗೆ ಬರುವುದನ್ನೇ ಬಿಟ್ಟರು. ಹಣದ ನೋವು ಎರಡು ವರ್ಷದಲ್ಲಿ ಮರೆಯಿತು. ಒಂದು ಕಾಗದ ಬರೆಸಿ, ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿದ್ದರೆ ಅವರು ಇಂದಿಗೂ ಮೂರನೆಯ ಸಾಲಿನಲ್ಲಿ ಕೂತಿರುತ್ತಿದ್ದರೇನೋ ಎಂಬ ನೋವು ಇನ್ನೂ ಮರೆತಿಲ್ಲ.

ಈಗ ನೀವು ಮಾಡಬೇಕಾದದ್ದು. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಚೀಟಿ ನಡೆಸುವವರು ಸರ್ಕಾರದ ಮಂಜೂರಾತಿ ಪಡೆದು ಅದನ್ನು ನೋಂದಾಯಿಸಬೇಕು, ಸದಸ್ಯರೊಂದಿಗೆ ಬರಹದ ಒಪ್ಪಂದ ಮಾಡಿಕೊಳ್ಳಬೇಕು. ನಿಮ್ಮ ಚೀಟಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ; ಆಗಿಲ್ಲವಾದರೆ, ನಡೆಸುವವರು ಎಷ್ಟೇ ಒಳ್ಳೆಯವರಾಗಿದ್ದರೂ, ನಾಳೆ ಅವರಿಗೇನಾದರೂ ಆದರೆ ನಿಮ್ಮ 55,000 ರೂಪಾಯಿಗೆ ಆಧಾರವಿರುವುದಿಲ್ಲ. ಜಾಮೀನಿನ ವಿಷಯದಲ್ಲಿ ನನ್ನ ಉತ್ತರ ಇನ್ನೂ ನೇರವಾಗಿದೆ: ನಿಲ್ಲಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನಂತೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದ ಹೊರತು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ರುಜು ಹಾಕುವುದು ಬರೀ ಒಂದು ಶಾಸ್ತ್ರಕ್ಕೆ ಎಂದು ಯಾರು ಹೇಳಿದರೂ ಅದು ನಿಜವಲ್ಲ. ಬ್ಯಾಂಕಿನವರು ನೇರವಾಗಿ ನಿಮ್ಮ ಮನೆ ಬಾಗಿಲಿಗೇ ಬರಬಹುದು. ಜ್ಞಾನೋಕ್ತಿಗಳು 22ನೆಯ ಅಧ್ಯಾಯವು, ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುವುದೇಕೆ ಎಂದು ಕೇಳುವುದು ಇಂಥ ಹೊಣೆಯನ್ನು ಕುರಿತೇ. ಆ ಹಿರಿಯರನ್ನು ಕಾಣಲು ಒಬ್ಬರೇ ಹೋಗಬೇಡಿ, ಮನೆಯವರನ್ನೋ ಕೂಟದ ಇನ್ನೊಬ್ಬ ಸದಸ್ಯರನ್ನೋ ಜೊತೆಗೆ ಕರೆದುಕೊಂಡು ಹೋಗಿ. “ಅಣ್ಣಾ, ನಿಮ್ಮ ಮೇಲಿನ ಗೌರವ ಹಾಗೇ ಇದೆ. ನಾನು ಜಾಮೀನು ನಿಲ್ಲಲಾರೆ, ಮತ್ತು ಚೀಟಿಯ ಪುಸ್ತಕವನ್ನು ಎಲ್ಲ ಇಪ್ಪತ್ತು ಜನರ ಮುಂದೆ ಓದಿದರೆ ನಮಗೂ ನಿಮಗೂ ಒಳ್ಳೆಯದು” ಎಂದು ಹೇಳಿ. ಪುಸ್ತಕ ಸರಿಯಿದ್ದರೆ ಅವರಿಗೆ ಹಗುರವಾಗುತ್ತದೆ. ಕೋಪ ಬಂದರೆ, ಆ ಕೋಪವನ್ನೂ ನೋಡಿ ನೆನಪಿಡಿ.

ಪ್ರಶ್ನೆ: ನಾನು ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಎರಡು ಬಾರಿ ಬರೆದು ಸ್ವಲ್ಪದರಲ್ಲಿ ಅವಕಾಶ ಕಳೆದುಕೊಂಡವನು. ಹೊರಗಿನಿಂದ ಬಂದ ಬೋಧಕರೊಬ್ಬರು ಉಜ್ಜೀವನ ಕೂಟದಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು, ಮೂರು ತಿಂಗಳಲ್ಲಿ ಕೆಲಸ ಸಿಗುವುದೆಂದು ಕರ್ತನು ತೋರಿಸಿದ್ದಾನೆ, ಆದರೆ ಮೊದಲು 25,000 ರೂಪಾಯಿ ಕಾಣಿಕೆ ಬಿತ್ತಬೇಕು ಎಂದರು. ನನ್ನ ಎರಡು ಸೋಲಿನ ವಿಷಯ ಅವರಿಗೆ ಮೊದಲೇ ಗೊತ್ತಿರಲು ಸಾಧ್ಯವಿರಲಿಲ್ಲ. ನಂಬದಿದ್ದರೆ ಪವಿತ್ರಾತ್ಮನನ್ನು ದುಃಖಪಡಿಸಿದಂತಾಗುವುದೇ? (ಚಿತ್ರದುರ್ಗದ ಯುವಕ)

ಉತ್ತರ: ತಮ್ಮಾ, ಪ್ರವಾದನೆಗಳನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎಂದು ಪೌಲನು ಥೆಸಲೋನಿಕದವರಿಗೆ ಒಂದೇ ಉಸಿರಿನಲ್ಲಿ ಬರೆದನು. ಎಲ್ಲ ಆತ್ಮಗಳನ್ನೂ ನಂಬದೆ ಪರೀಕ್ಷಿಸಿರಿ ಎಂದು ಯೋಹಾನನ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯ ಶುರುವಾಗುತ್ತದೆ. ಬೆರೋಯದವರು ಸಾಕ್ಷಾತ್ ಪೌಲನ ಬೋಧನೆಯನ್ನೇ ದಿನದಿನವೂ ಶಾಸ್ತ್ರದೊಡನೆ ಒರೆಹಚ್ಚಿ ನೋಡಿದರು, ಲೂಕನು ಅದಕ್ಕಾಗಿ ಅವರನ್ನು ಹೊಗಳಿದ್ದಾನೆ. ಪರೀಕ್ಷಿಸುವುದರಿಂದ ಆತ್ಮನಿಗೆ ದುಃಖವಾಗುವುದಾದರೆ, ಪರೀಕ್ಷಿಸಿರೆಂದು ಆತ್ಮನೇ ಹೇಳಿಸುತ್ತಿರಲಿಲ್ಲ.

ಹಣದ ವಿಷಯಕ್ಕೆ ನಮ್ಮ ಪೂರ್ವಿಕ ಸಭೆಯಲ್ಲಿ ಬಹಳ ಸರಳವಾದ ನಿಯಮವಿತ್ತು. ‘ದಿದಖೆ’ ಎಂಬ ಅತಿ ಪ್ರಾಚೀನ ಕ್ರೈಸ್ತ ಬರಹ, ಕಾನ್‌ಸ್ಟಾಂಟಿನೋಪಲಿನಲ್ಲಿ ಅದರ ಹಸ್ತಪ್ರತಿ ಸಿಕ್ಕಿ 1883ರಲ್ಲಿ ಅಚ್ಚಾಯಿತು. ಊರೂರು ಸುತ್ತುವ ಬೋಧಕರನ್ನು ಹೇಗೆ ಗುರುತಿಸಬೇಕೆಂದು ಅದರಲ್ಲಿದೆ: ಬಂದವನನ್ನು ಕರ್ತನನ್ನೇ ಎಂಬಂತೆ ಬರಮಾಡಿಕೊಳ್ಳಿ, ಒಂದು ದಿನ, ಬೇಕಾದರೆ ಎರಡು ದಿನ ಇರಲಿ, ಹೊರಡುವಾಗ ಮುಂದಿನ ತಂಗುದಾಣದವರೆಗಿನ ರೊಟ್ಟಿ ಕೊಡಿ, ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಕೊರತೆಯಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಮಾತ್ರ ತೀರ್ಪು ಮಾಡಬೇಡಿ ಎಂದಿದೆ. ಆ ಸಭೆಗಳು ಬಡವಾಗಿದ್ದವು, ಬೋಧಕರನ್ನು ಪ್ರೀತಿಸುತ್ತಿದ್ದವು, ಆದರೂ ಈ ನಿಯಮ ಬರೆದುಕೊಂಡವು ಎಂಬುದು ನನ್ನನ್ನು ಬಹಳ ತಟ್ಟುತ್ತದೆ.

ನೀವು ಏಳುಸುತ್ತಿನ ಕೋಟೆಯ ಊರಿನವರು. ಹೈದರಾಲಿಯ ಸೈನಿಕರು ಒಳಗೆ ನುಗ್ಗಲು ಹೊಂಚುಹಾಕಿದ್ದು ಹೆಬ್ಬಾಗಿಲುಗಳಲ್ಲಲ್ಲ, ಒಬ್ಬೊಬ್ಬರೇ ತೂರಬಹುದಾದ ಒಂದು ಕಿಂಡಿಯಲ್ಲಿ. ಓಬವ್ವ ಒನಕೆ ಹಿಡಿದು ನಿಂತಿದ್ದೂ ಅಲ್ಲಿಯೇ. ನಿಮ್ಮಲ್ಲಿರುವ ಕಿಂಡಿ ಆ ಎರಡು ಸೋಲು. ನಿಮ್ಮ ವಯಸ್ಸಿನ ಹುಡುಗ ಕಣ್ಣೀರಿನಿಂದ ಮುಂದೆ ಬಂದರೆ ಅದು ಕೆಲಸದ್ದೋ ಮದುವೆಯದ್ದೋ ಚಿಂತೆ ಎಂದು ತಿಳಿಯಲು ದರ್ಶನವೇ ಬೇಕೆಂದಿಲ್ಲ. ಕೂಟಕ್ಕೆ ನಿಮ್ಮನ್ನು ಕರೆತಂದವರ ಬಾಯಿಂದಲೂ ವಿಷಯ ತಲುಪಿರಬಹುದು. ಯಾರನ್ನಾದರೂ ನಂಬುವ ಮೊದಲು, ಅವರ ಮಾತು ನಿಜವಾಗಿರಲೆಂದು ನಾನು ಎಷ್ಟು ಹಂಬಲಿಸುತ್ತಿದ್ದೇನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಂಬಲ ಹೆಚ್ಚಾದಷ್ಟೂ ಪರೀಕ್ಷೆ ಹೆಚ್ಚಾಗಬೇಕು.

ಫಲಗಳಿಂದ ಅವರನ್ನು ತಿಳಿದುಕೊಳ್ಳುವಿರಿ ಎಂದು ಕರ್ತನು ಹೇಳಿದ್ದನ್ನು ರೈತರಾದವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ನರ್ಸರಿಯಲ್ಲಿ ಮಾವಿನ ಸಸಿಗೆ ಏನೆಂದು ಚೀಟಿ ಕಟ್ಟಿದ್ದರೂ, ಅದು ಯಾವ ಜಾತಿಯೆಂದು ಖಚಿತವಾಗುವುದು ನಾಲ್ಕಾರು ವರ್ಷ ಕಾದು ಹಣ್ಣು ತಿಂದ ಮೇಲೆ. ಮೂರು ದಿನದ ಕೂಟಕ್ಕೆ ಬಂದು ನಾಲ್ಕನೆಯ ದಿನ ಊರು ಬಿಡುವವರ ಹಣ್ಣನ್ನು ನೀವು ಎಂದು ತಿನ್ನುವುದು? ಅವರ ಸ್ವಂತ ಊರಿನ ಸಭೆಯವರು ಅವರ ಬಗ್ಗೆ ಏನು ಹೇಳುತ್ತಾರೆಂದು ವಿಚಾರಿಸಿ. ಆ 25,000 ರೂಪಾಯಿ ನಿಮ್ಮ ಬಳಿಯೇ ಇರಲಿ, ಮೂರನೆಯ ಬಾರಿ ಪರೀಕ್ಷೆಗೆ ಕುಳಿತುಕೊಳ್ಳಿ. ನಾನೂ ನಿಮಗಾಗಿ ಪ್ರಾರ್ಥಿಸುತ್ತೇನೆ, ಕಾಣಿಕೆಯಿಲ್ಲದೆ.

ಪ್ರಶ್ನೆ: ಮಗಳಿಗೆ ಹೊರದೇಶದಲ್ಲಿರುವ ವರನ ಸಂಬಂಧ ಬಂದಿದೆ. ಫೋಟೋ, ಸಂಬಳದ ಚೀಟಿ, ದೀಕ್ಷಾಸ್ನಾನದ ಪತ್ರ, ಬೋಧಕರ ಶಿಫಾರಸು ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕಳುಹಿಸಿದ್ದಾರೆ. ರಜೆ ಕಡಿಮೆ, ಹತ್ತು ದಿನದಲ್ಲಿ ನಿಶ್ಚಿತಾರ್ಥ ಮದುವೆ ಎರಡೂ ಆಗಬೇಕು ಎನ್ನುತ್ತಾರೆ. ಏನು ಮಾಡಲಿ? (ಒಬ್ಬ ತಾಯಿ, ಹರಿಹರ)

ಉತ್ತರ: ಅಮ್ಮಾ, ಯೆಹೋಶುವನ ಗ್ರಂಥದ 9ನೆಯ ಅಧ್ಯಾಯದಲ್ಲಿ ಗಿಬ್ಯೋನಿನವರು ಹರಿದ ಬಟ್ಟೆ, ತೇಪೆ ಹಾಕಿದ ಕೆರ, ಬೂಷ್ಟು ಹಿಡಿದ ರೊಟ್ಟಿ ಹೊತ್ತುಕೊಂಡು ಬಂದು, ನಾವು ಬಹು ದೂರ ದೇಶದವರು ಎಂದರು. ಇಸ್ರಾಯೇಲ್ಯರು ಪರೀಕ್ಷೆ ಮಾಡಲಿಲ್ಲವೆಂದಲ್ಲ, ಮಾಡಿದರು; ಆದರೆ ಬಂದವರೇ ಹೊತ್ತುತಂದ ರೊಟ್ಟಿಯನ್ನು ಪರೀಕ್ಷಿಸಿದರು, ಕರ್ತನನ್ನು ಕೇಳಲಿಲ್ಲ, ಒಡಂಬಡಿಕೆ ಮಾಡಿಕೊಂಡರು. ಮೂರು ದಿನ ಕಳೆಯುವುದರೊಳಗೆ ಅವರು ಪಕ್ಕದ ಊರಿನವರೇ ಎಂದು ಗೊತ್ತಾಯಿತು. ಮೂರು ದಿನ ಕಾದಿದ್ದರೆ ಸಾಕಿತ್ತು!

ನಿಮ್ಮ ಮೊಬೈಲಿಗೆ ಬಂದಿರುವುದೆಲ್ಲ ಅವರೇ ಕಳುಹಿಸಿದ ರೊಟ್ಟಿ. ಅವರ ಪರಿಚಯದ ಮೂಲಕವಲ್ಲದೆ ನೀವಾಗಿಯೇ ಹುಡುಕಿದ ಇಬ್ಬರು ಮೂವರ ಬಾಯಿಂದ ವಿಷಯ ತಿಳಿಯಬೇಕು: ಶಿಫಾರಸು ಪತ್ರದಲ್ಲಿರುವ ಸಭೆಗೆ ನಿಮ್ಮ ಸಭಾಪಾಲಕರೇ ಫೋನ್ ಮಾಡಲಿ, ಕೆಲಸದ ಜಾಗವನ್ನು ಅಲ್ಲಿರುವ ನಮ್ಮವರೊಬ್ಬರು ಹೋಗಿ ನೋಡಿ ಬರಲಿ. ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ಹೆಸರು ಓದಿ, ತಕರಾರು ಇದ್ದವರು ತಿಳಿಸಿರಿ ಎಂದು ಪ್ರಕಟಿಸುವ ಪದ್ಧತಿಯನ್ನು ನಮ್ಮ ಹಿರಿಯರು ಅಲಂಕಾರಕ್ಕೆಂದು ಇಟ್ಟಿಲ್ಲ. ಆ ಮೂರು ಭಾನುವಾರಗಳನ್ನು ಬಿಟ್ಟುಕೊಡಬೇಡಿ. ಅಷ್ಟಕ್ಕೂ ಸಮಯವಿಲ್ಲ ಎನ್ನುವವರಿಗೆ, ಮುಂದಿನ ರಜೆಯಲ್ಲಿ ನೋಡೋಣ ಎಂದು ನಯವಾಗಿ ಹೇಳಿ.

ಪ್ರಶ್ನೆ: ನಾನೂ ನೆರೆಯ ಮುಸ್ಲಿಂ ಗೆಳೆಯನೂ ಕೂಡಿ ಮಂಡಕ್ಕಿ ಭಟ್ಟಿ ನಡೆಸಬೇಕೆಂದಿದ್ದೇವೆ. ಅವಿಶ್ವಾಸಿಗಳೊಂದಿಗೆ ಜೋಡಿಯಾಗಬಾರದೆಂದು ಸಭೆಯ ಕೆಲವರು ತಡೆಯುತ್ತಿದ್ದಾರೆ. ವಿಶ್ವಾಸಿಯನ್ನು ಮಾತ್ರ ನಂಬಬೇಕೇ? (ದಾವಣಗೆರೆ)

ಉತ್ತರ: ಅವರು ನೆನಪಿಸಿದ ಮಾತು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 6ನೆಯ ಅಧ್ಯಾಯದ್ದು. ಅಲ್ಲಿ ಪೌಲನು ಹೇಳುವುದು ಆರಾಧನೆಯನ್ನೂ ನಂಬಿಕೆಯನ್ನೂ ಬೆರಕೆ ಮಾಡುವ ನೊಗದ ಬಗ್ಗೆ ಎಂದು ನಾನು ತಿಳಿದಿದ್ದೇನೆ. ಇದನ್ನು ವ್ಯಾಪಾರಕ್ಕೂ ಅನ್ವಯಿಸುವ ಪ್ರಾಮಾಣಿಕ ಜನರಿದ್ದಾರೆ, ಅವರ ಕಳಕಳಿಯನ್ನು ಗೌರವಿಸಿ. ಆದರೆ ಆ ಪೌಲನ ಜೀವನವನ್ನೇ ನೋಡಿ. ಅಪೊಸ್ತಲರ ಕೃತ್ಯಗಳ 23ನೆಯ ಅಧ್ಯಾಯದಲ್ಲಿ ಅವನನ್ನು ಕೊಲ್ಲುವ ತನಕ ಅನ್ನನೀರು ಮುಟ್ಟೆವೆಂದು ಶಪಥ ಮಾಡಿದ ನಾಲ್ವತ್ತಕ್ಕಿಂತ ಹೆಚ್ಚು ಜನರು ಅವನ ಸ್ವಜನರು. ಸುದ್ದಿ ಕೇಳಿ ರಾತ್ರೋರಾತ್ರಿ 200 ಸಿಪಾಯಿ, 70 ಕುದುರೆ ಸವಾರ, 200 ಭರ್ಜಿಯವರನ್ನು ಕೊಟ್ಟು ಅವನನ್ನು ಉಳಿಸಿದವನು ರೋಮನ್ ಸಹಸ್ರಾಧಿಪತಿ. ಪೌಲನು ತನ್ನ ಸೋದರಳಿಯನನ್ನು ಆ ಅಧಿಕಾರಿಯ ಬಳಿಗೆ ಹಿಂದೆಮುಂದೆ ನೋಡದೆ ಕಳುಹಿಸಿದನು.

ವಾರದ ರಜೆ, ಹಬ್ಬದ ರಜೆ, ದಾನಧರ್ಮದ ಖರ್ಚು, ಇವನ್ನು ಮೊದಲೇ ಮಾತಾಡಿಕೊಳ್ಳಿ. ಪಾಲುದಾರಿಕೆಯ ಪತ್ರ ಬರೆಸಿ. ಮಂಡಕ್ಕಿಯ ಕಾವಲಿಯಲ್ಲಿ ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿ ಅರಳುವುದೋ ಕರಕಲಾಗುವುದೋ ಎಂಬುದು ಮರಳಿನ ಕಾವಿನ ಮೇಲಿದೆ, ಹುರಿಯುವವನ ಮತದ ಮೇಲಲ್ಲ. ಗೆಳೆಯನ ಕೈ ಆ ಕೆಲಸದಲ್ಲಿ ಪಳಗಿದೆಯೇ, ಅಕ್ಕಿಯ ವ್ಯಾಪಾರಿಗಳಿಗೆ ಹೇಳಿದ ದಿನ ಹಣ ಕೊಡುತ್ತಾನೆಯೇ, ಕೂಲಿಯವರನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂದು ನೋಡಿ. ಸಭೆಯವನೇ ಆಗಿದ್ದರೂ ನೋಡಬೇಕಾದದ್ದು ಅದನ್ನೇ.

ಪ್ರಶ್ನೆ: ನನ್ನ ತಮ್ಮ ಕುಡಿತದ ದಿನಗಳಲ್ಲಿ ತಾಯಿಯ ಒಡವೆಗಳನ್ನು ಅಡವಿಟ್ಟು ಕಳೆದ. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು, ತಪ್ಪದೆ ಆರಾಧನೆಗೆ ಬರುತ್ತಾನೆ. ನಾನು ಮನಸಾರೆ ಕ್ಷಮಿಸಿದ್ದೇನೆ. ಈಗ ಅವನು ತಾಯಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು, ಅವರ ಪಿಂಚಣಿಯ ಎಟಿಎಂ ಕಾರ್ಡನ್ನೂ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಕಾರ್ಡ್ ಕೊಡಲು ಕೈ ಬರುತ್ತಿಲ್ಲ. ಹಾಗಾದರೆ ನನ್ನ ಕ್ಷಮೆ ಸುಳ್ಳೇ? (ಚಳ್ಳಕೆರೆ)

ಉತ್ತರ: ಸುಳ್ಳಲ್ಲ. ಯೋಸೇಫನ ಕಥೆಯನ್ನು ನಾವು ಸಾಮಾನ್ಯವಾಗಿ ಅಪ್ಪುಗೆಯಿಂದ ಶುರು ಮಾಡುತ್ತೇವೆ. ನೀವು ಆದಿಕಾಂಡದ 42ನೆಯ ಅಧ್ಯಾಯದಿಂದ ಓದಿ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು, ಈಗ ಐಗುಪ್ತದ ಅಧಿಪತಿಯಾದ ಅವನ ಮುಂದೆ ಗುರುತು ಹಿಡಿಯದೆ ಧಾನ್ಯಕ್ಕಾಗಿ ಬಂದು ನಿಂತಾಗ, ಅವರ ಮಾತು ಕೇಳಿ ಅವನು ಪಕ್ಕಕ್ಕೆ ಹೋಗಿ ಅತ್ತನು. ಅತ್ತು ಬಂದು, ಅವರಲ್ಲೊಬ್ಬನಾದ ಸಿಮೆಯೋನನನ್ನು ಕಟ್ಟಿಸಿದನು. ಆ ಕಣ್ಣೀರೂ ನಿಜ, ಈ ಹಗ್ಗವೂ ನಿಜ. ಪ್ರೀತಿ ಆಗಲೇ ತುಂಬಿ ಬಂದಿತ್ತು; ನಂಬಲು ಮಾತ್ರ ಅವನಿಗೆ ಇನ್ನೂ ಒಂದು ವಿಷಯ ತಿಳಿಯಬೇಕಾಗಿತ್ತು. ಆದ್ದರಿಂದ ಅವನು, ಅವರು ತನ್ನನ್ನು ಮಾರಿದ ದಿನವನ್ನೇ ಮತ್ತೆ ಅವರ ಮುಂದೆ ತಂದಿಟ್ಟನು: ತಂದೆಯ ಮುದ್ದಿನ ಕಿರಿಯ ಮಗ ಬೆನ್ಯಾಮೀನನು, ಯೋಸೇಫನೇ ಅವನ ಚೀಲದಲ್ಲಿ ಇಡಿಸಿದ ಬೆಳ್ಳಿ ಬಟ್ಟಲಿನಿಂದಾಗಿ, ಸಿಕ್ಕಿಬಿದ್ದಿದ್ದಾನೆ, ಅವನನ್ನು ಬಿಟ್ಟು ಹೋದರೆ ಉಳಿದವರೆಲ್ಲ ಸುಖವಾಗಿ ಮನೆ ಸೇರಬಹುದು. ಆಗ ಮುಂದೆ ಬಂದು, ಹುಡುಗನ ಬದಲು ನಾನು ದಾಸನಾಗಿರುತ್ತೇನೆ ಎಂದವನು ಯಾರು? ಯೆಹೂದ. ಯೋಸೇಫನನ್ನು ಮಾರೋಣವೆಂದು ಅಂದು ಸೂಚಿಸಿದವನೂ ಅದೇ ಯೆಹೂದ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಯೋಸೇಫನು ತಡೆಯಲಾರದೆ ತಾನು ಯಾರೆಂದು ಹೇಳಿಕೊಂಡನು.

ಕ್ಷಮೆಯನ್ನು ನೀವು ಒಬ್ಬರೇ, ಒಂದೇ ರಾತ್ರಿಯಲ್ಲಿ, ದೇವರ ಮುಂದೆ ಮೊಣಕಾಲೂರಿ ಕೊಡಬಹುದು; ಅದಕ್ಕೆ ತಮ್ಮನು ಏನನ್ನೂ ಸಾಬೀತು ಮಾಡಬೇಕಿಲ್ಲ. ನಂಬಿಕೆ ಮತ್ತೆ ಬೆಳೆಯುವುದಕ್ಕೆ ಇಬ್ಬರೂ ಬೇಕು, ದಿನಗಳೂ ಬೇಕು. ಅದಕ್ಕಾಗಿ ಎಟಿಎಂ ಕಾರ್ಡನ್ನು ಪರೀಕ್ಷೆಯಾಗಿ ಅವನ ಕೈಗೆ ಕೊಡಬೇಡಿ. ಕುಡಿತದಿಂದ ಹೊರಬರುತ್ತಿರುವವನ ಜೇಬಿನಲ್ಲಿ ತಿಂಗಳ ಪಿಂಚಣಿ ಇಡುವುದು ಅವನಿಗೆ ಮಾಡುವ ಉಪಕಾರವಲ್ಲ. ಇದನ್ನು ಅವನೊಂದಿಗೇ ಬಿಚ್ಚಿ ಮಾತಾಡಿ, ನಿಜವಾಗಿ ತಿರುಗಿಕೊಂಡವನಾಗಿದ್ದರೆ ನಿಮಗಿಂತ ಮೊದಲು ಅವನೇ ಒಪ್ಪುವನು. ಹಾಗೆಂದು ಏನನ್ನೂ ಒಪ್ಪಿಸದೆ ಕುಳಿತರೆ, ಅವನು ಬದಲಾಗಿದ್ದಾನೆಂದು ನಿಮಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಸಭೆಯನ್ನು ಹಿಂಸಿಸುತ್ತಿದ್ದ ಸೌಲನು, ಅಂದರೆ ಮುಂದೆ ಪೌಲನೆನಿಸಿದವನು, ಮನತಿರುಗಿ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿ ದೂರ ನಿಂತರು. ಬಾರ್ನಬನು ಅವನನ್ನು ಕರೆದುಕೊಂಡು ಅಪೊಸ್ತಲರ ಬಳಿಗೆ ಹೋದನು. ಯಾರಾದರೊಬ್ಬರು ಮೊದಲು ಹೆಜ್ಜೆಯಿಡಲೇಬೇಕು, ಮತ್ತು ನಿಮ್ಮ ಮನೆಯಲ್ಲಿ ಆ ಕೆಲಸ ಅಣ್ಣನಾದ ನಿಮ್ಮದು.

ಅತ್ಯಲ್ಪವಾದದ್ದರಲ್ಲಿ ನಂಬಿಗಸ್ತನಾದವನು ಬಹಳವಾದದ್ದರಲ್ಲಿಯೂ ನಂಬಿಗಸ್ತನು ಎಂದು ಲೂಕನ 16ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ್ದಾನೆ, ಆ ಅತ್ಯಲ್ಪವಾದದ್ದನ್ನು ಅವನಿಗೆ ಹುಡುಕಿ ಕೊಡಿ. ವಾರಕ್ಕೆ ಎರಡು ದಿನ ತಾಯಿ ಅವನ ಮನೆಯಲ್ಲಿ ಉಳಿಯಲಿ. ಕಾರ್ಡ್ ನಿಮ್ಮಲ್ಲಿರಲಿ, ಪಾಸ್‌ಬುಕ್ ಅವನೂ ನೋಡುವಂತೆ ಗೋಡೆಯ ಗೂಡಿನಲ್ಲಿರಲಿ. ನಿಮ್ಮ ಲೆಕ್ಕವನ್ನೂ ಅವನು ಕೇಳಲಿ. ಯೋಸೇಫನು ತನ್ನ ಗುರುತು ಹೇಳಿದ ಮರುಕ್ಷಣ ಕೇಳಿದ್ದು, ನನ್ನ ತಂದೆ ಇನ್ನೂ ಬದುಕಿದ್ದಾನೋ ಎಂದು. ನಿಮ್ಮ ತಾಯಿ ಇನ್ನೂ ಇದ್ದಾರೆ. ಈ ತಿಂಗಳ ಅವರ ಔಷಧಿಯ ಚೀಟಿಯನ್ನೂ ಅದಕ್ಕೆ ಬೇಕಾಗುವಷ್ಟೇ ಹಣವನ್ನೂ ತಮ್ಮನ ಕೈಗೆ ಕೊಟ್ಟು, ಅಂಗಡಿಗೆ ಕಳುಹಿಸಿ.